ಮನೋವಿಕೃತಿಯ ಆರಂಭದ ಹಂತ ಹಾಗೂ ಮೆದುಳಿನ ಸ್ಕ್ಯಾನ್: ಸಾರ್ವಜನಿಕರ ತಿಳಿವಳಿಕೆಗಾಗಿ

ಯಾರೂ ಮಾತನಾಡದಿದ್ದರೂ ಧ್ವನಿಗಳು ಕೇಳಿಸುವುದು, ಆಧಾರವಿಲ್ಲದ ಸಂಶಯ ಬಲವಾಗಿ ಬೇರೂರುವುದು, ಮಾತು ಮತ್ತು ಆಲೋಚನೆಯ ಕ್ರಮ ತಪ್ಪುವುದು ಸೈಕೋಸಿಸ್ ಅಥವಾ ಮನೋವಿಕೃತಿಯ ಮುಖ್ಯ ಲಕ್ಷಣಗಳಾಗಿವೆ. ಇವು ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಯೌವನದ ಆರಂಭದಲ್ಲಿ ಕಾಣಿಸಿಕೊಳ್ಳುತ್ತವೆ. ಮೆದುಳಿನ ಸ್ಕ್ಯಾನ್ ಮಾಡಿಸಿದರೆ ಕಾಯಿಲೆ ಖಚಿತವಾಗುವುದೇ ಎಂಬುದು ಅನೇಕ ಕುಟುಂಬಗಳ ಪ್ರಶ್ನೆ.

ಈ ಕಾಯಿಲೆಗೂ ಮೆದುಳಿನ ರಚನೆಗೂ ಸಂಬಂಧವಿರುವುದು ನಿಜ. ದೀರ್ಘಕಾಲದಿಂದ ಸ್ಕಿಜೋಫ್ರೇನಿಯಾ ಇರುವವರಲ್ಲಿ ಮೆದುಳಿನೊಳಗಿನ ದ್ರವ ತುಂಬಿದ ಕುಹರಗಳು ಹಿಗ್ಗಿರುವುದನ್ನು 1976ರಲ್ಲಿ ಇಂಗ್ಲೆಂಡಿನಲ್ಲಿ ಈವ್ ಜಾನ್‌ಸ್ಟೋನ್ ಮತ್ತು ಸಹೋದ್ಯೋಗಿಗಳು ಸಿ.ಟಿ. ಸ್ಕ್ಯಾನ್ ಮೂಲಕ ವರದಿ ಮಾಡಿದರು. ತರುವಾಯ ನಡೆದ ಎಂ.ಆರ್.ಐ. ಅಧ್ಯಯನಗಳಲ್ಲಿ, ಕಾಯಿಲೆ ಮೊದಲ ಬಾರಿಗೆ ಕಾಣಿಸಿಕೊಂಡವರಲ್ಲಿಯೂ, ಔಷಧೋಪಚಾರ ಆರಂಭವಾಗುವ ಮೊದಲೇ ಕೆಲವು ವ್ಯತ್ಯಾಸಗಳು ಕಂಡುಬಂದಿವೆ. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದ ಗಾತ್ರ ಸರಾಸರಿಯಲ್ಲಿ ತುಸು ಕಡಿಮೆ ಇರುತ್ತದೆ. ಹಣೆಯ ಹಿಂಭಾಗದ ಹಾಗೂ ಕಿವಿಯ ಪಕ್ಕದ ಮೆದುಳಿನ ಹೊರಪದರ ಸ್ವಲ್ಪ ತೆಳುವಾಗಿರುತ್ತದೆ.

ಇಲ್ಲಿ ‘ಸರಾಸರಿ’ ಎಂಬ ಪದವನ್ನು ವಿಶೇಷವಾಗಿ ಗಮನಿಸತಕ್ಕದ್ದು. ನೂರಾರು ಜನರ ಚಿತ್ರಗಳನ್ನು ಹೋಲಿಸಿದಾಗ ಕಾಣುವ ಈ ಅಲ್ಪ ಅಂತರವು ಒಬ್ಬ ವ್ಯಕ್ತಿಯ ಸ್ಕ್ಯಾನ್‌ನಲ್ಲಿ ರೋಗದ ಗುರುತಾಗಿ ಕಾಣುವುದಿಲ್ಲ. ಆರೋಗ್ಯವಂತರಲ್ಲಿಯೂ ಇಂತಹ ಅಳತೆಗಳಿರುತ್ತವೆ. ಕಾಯಿಲೆ ಇರುವವರ ವರದಿ ಸಂಪೂರ್ಣ ಸಹಜವಾಗಿ ಬರುವುದೂ ಸಾಮಾನ್ಯ. ಆದುದರಿಂದ ವರದಿ ‘ನಾರ್ಮಲ್’ ಎಂದು ಬಂದ ಕಾರಣಕ್ಕೆ ರೋಗಿಯು ನಟಿಸುತ್ತಿದ್ದಾನೆಂದು ಭಾವಿಸುವುದಾಗಲಿ, ಮಾತ್ರೆ ನಿಲ್ಲಿಸುವುದಾಗಲಿ ಸರಿಯಲ್ಲ. ಹೀಗೆ ಕಳೆದುಹೋಗುವ ತಿಂಗಳುಗಳಿಗೆ ಬೆಲೆ ತೆರಬೇಕಾಗುತ್ತದೆ: ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಠಿಣವಾಗುವುದೆಂದು ಅಧ್ಯಯನಗಳು ತೋರಿಸಿವೆ.

ಹಾಗಾದರೆ ವೈದ್ಯರು ಸ್ಕ್ಯಾನ್ ಸೂಚಿಸುವುದೇಕೆ? ಮೆದುಳಿನ ಗೆಡ್ಡೆ, ಸೋಂಕು, ಪೆಟ್ಟು ಮುಂತಾದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು. ಫಿಟ್ಸ್, ತೀವ್ರ ತಲೆನೋವು ಅಥವಾ ಪ್ರಜ್ಞೆಯಲ್ಲಿ ಏರುಪೇರು ಇದ್ದಲ್ಲಿ ಇದನ್ನು ಮುಂದೂಡಬಾರದು. ಮನೋವಿಕೃತಿಯನ್ನು ಮಾತ್ರ ಮನೋವೈದ್ಯರು ರೋಗಿ ಹಾಗೂ ಮನೆಯವರೊಡನೆ ಮಾತನಾಡಿ, ಪರೀಕ್ಷಿಸಿ ನಿರ್ಧರಿಸುತ್ತಾರೆ.

ಅಂಗವಿಕಲತೆಯ ಪ್ರಮಾಣಪತ್ರ ಕೋರುವ ಅರ್ಜಿದಾರರೂ ಇದನ್ನು ಗಮನಿಸುವುದು. ಮಾನಸಿಕ ಕಾಯಿಲೆಯಿಂದಾದ ಅಂಗವಿಕಲತೆಯ ಶೇಕಡಾವಾರು ಪ್ರಮಾಣವನ್ನು ‘ಐಡಿಯಾಸ್’ ಮಾಪಕದಿಂದ ನಿರ್ಧರಿಸಲಾಗುತ್ತದೆ. ಸ್ವಂತ ಆರೈಕೆ, ಇತರರೊಡನೆ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ ಇವು ಅದರಲ್ಲಿ ಪರಿಶೀಲಿಸುವ ಅಂಶಗಳು. ಮೆದುಳಿನ ಅಳತೆ ಅದರಲ್ಲಿ ಸೇರಿಲ್ಲ. ಅರ್ಜಿಗಾಗಿಯೇ ಸಾಲ ಮಾಡಿ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ. ಚಿಕಿತ್ಸೆಯ ಹಳೆಯ ಚೀಟಿಗಳನ್ನು ಜೋಪಾನವಾಗಿಟ್ಟು ಹಾಜರುಪಡಿಸುವುದು ಹೆಚ್ಚು ಪ್ರಯೋಜನಕಾರಿ. ಅರ್ಜಿಯನ್ನು ಯು.ಡಿ.ಐ.ಡಿ. ಪೋರ್ಟಲ್ ಮೂಲಕ ಸಲ್ಲಿಸಬಹುದು.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.