ವಿದೇಶದ ಪೈಲಟ್ ಕೆಲಸ: ಗಂಟೆಗಳ ಲೆಕ್ಕ

ಮಗನನ್ನು ಪೈಲಟ್ ಮಾಡಿ ವಿದೇಶಕ್ಕೆ ಕಳುಹಿಸಲು ತೋಟ ಅಡವಿಡಹೊರಟ ತಂದೆತಾಯಿಗಳು ಮೊದಲು ವಿಚಾರಿಸಬೇಕಾದುದು ಹಾರಾಟದ ಗಂಟೆಗಳನ್ನು.

ಭಾರತದಲ್ಲಿ ಕನಿಷ್ಠ 200 ಗಂಟೆ ಹಾರಿ, ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ವಾಣಿಜ್ಯ ಪರವಾನಗಿ ದೊರೆಯುತ್ತದೆ. ಅಮೆರಿಕದಲ್ಲಾದರೋ ಪ್ರಯಾಣಿಕರ ವಿಮಾನದ ಸಹಚಾಲಕನಾಗಲೂ ಸಾಮಾನ್ಯವಾಗಿ 1500 ಗಂಟೆ ಬೇಕು. ಇದಕ್ಕೊಂದು ದುಃಖದ ಹಿನ್ನೆಲೆಯಿದೆ. 2009ರ ಫೆಬ್ರವರಿಯಲ್ಲಿ ಬಫೆಲೊ ನಗರದ ಬಳಿ ಕೋಲ್ಗನ್ ಸಂಸ್ಥೆಯ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಮಂದಿ ಮಡಿದರು. ವೇಗ ಕುಂದಿ ವಿಮಾನ ಕುಸಿಯತೊಡಗಿದಾಗ ಚಾಲಕನು ಮೂತಿಯನ್ನು ತಗ್ಗಿಸುವ ಬದಲು ಮೇಲಕ್ಕೆಳೆದಿದ್ದನು. ಮೃತರ ಬಂಧುಗಳು ಪಟ್ಟುಹಿಡಿದುದರಿಂದ 2010ರಲ್ಲಿ ಕಾನೂನಾಯಿತು. 2013ರಲ್ಲಿ ನಿಯಮ ಜಾರಿಗೆ ಬಂದಿತು. ವಿಚಿತ್ರವೆಂದರೆ, ಆ ಇಬ್ಬರು ಚಾಲಕರಿಗೂ 1500ಕ್ಕಿಂತ ಹೆಚ್ಚು ಗಂಟೆಗಳ ಅನುಭವವಿತ್ತು!

ಯುರೋಪಿನಲ್ಲಿ ಸುಮಾರು 200 ಗಂಟೆಯವರೂ ಸಹಚಾಲಕರಾಗಬಹುದು. ಆದರೆ ಅಲ್ಲಿ ದುಡಿಯುವ ಹಕ್ಕೂ ಅಲ್ಲಿಯ ಪರವಾನಗಿಯೂ ಬೇಕು. ನಮ್ಮ ಗಡಿನಾಡಿನ ಹಲವರು ಅರಸಿಹೋಗುವ ಕೊಲ್ಲಿ ದೇಶಗಳ ದೊಡ್ಡ ಸಂಸ್ಥೆಗಳು ಹೊರಗಿನವರಿಂದ ಸಾಮಾನ್ಯವಾಗಿ ಜೆಟ್ ವಿಮಾನದ ಅನುಭವವನ್ನೇ ಕೇಳುತ್ತವೆ. ತರಬೇತಿಯ ಪುಟ್ಟ ವಿಮಾನದ ಗಂಟೆಗಳಿಗೆ ಅಲ್ಲಿ ಬೆಲೆ ಕಡಿಮೆ. ಮೊದಲ ಕೆಲವು ವರುಷ ಸ್ವದೇಶದಲ್ಲಿ ಹಾರುವುದೇ ಲೇಸೆಂದು ನಮಗೆ ತೋರುತ್ತದೆ. ಪರವಾನಗಿ ಬಂದೊಡನೆ ಹೊರದೇಶದ ಕೆಲಸ ಖಂಡಿತವೆನ್ನುವ ದಲ್ಲಾಳಿ ಎದುರಾದರೆ, ಯಾವ ಸಂಸ್ಥೆ, ಎಷ್ಟು ಗಂಟೆ, ಯಾವ ವಿಮಾನದ್ದು ಎಂಬುದನ್ನು ಬರವಣಿಗೆಯಲ್ಲಿ ಕೇಳಿರಿ.