ದಿಮ್ಮಿಮನೆಯ ಸಂದುಗಳೂ ಜೇಡಿಮಣ್ಣೂ

1638ರಲ್ಲಿ ಉತ್ತರ ಅಮೆರಿಕದ ಡೆಲಾವೇರ್ ನದಿಯ ಕಣಿವೆಯಲ್ಲಿ ಸ್ವೀಡನ್ನಿನ ವಸಾಹತು ಸ್ಥಾಪಿತವಾಯಿತು. ಅಲ್ಲಿ ನೆಲಸಿದ ಸ್ವೀಡನ್ ಮತ್ತು ಫಿನ್‌ಲೆಂಡಿನ ಜನರು ತಮ್ಮ ನಾಡಿನ ಪದ್ಧತಿಯಂತೆ ಮರದ ದಿಮ್ಮಿಗಳನ್ನು ಅಡ್ಡಲಾಗಿ ಒಂದರ ಮೇಲೊಂದು ಪೇರಿಸಿ ಮನೆ ಕಟ್ಟಿದರು. 1809ರಲ್ಲಿ ಕೆಂಟಕಿಯಲ್ಲಿ ಅಬ್ರಹಾಂ ಲಿಂಕನ್ ಜನಿಸಿದುದೂ ದಿಮ್ಮಿಮನೆಯಲ್ಲಿಯೇ. ದಪ್ಪ ಮರವು ಉಷ್ಣವನ್ನು ಸುಲಭವಾಗಿ ಹೊರಬಿಡದು. ಆದರೂ ಒಲೆ ಧಗಧಗಿಸುತ್ತಿರುವಾಗಲೇ ಇಂಥ ಮನೆಯವರು ಚಳಿಯಿಂದ ನಡುಗಬಹುದು. ಇದೇಕೆ?

ಒಂದು ಚಿಕ್ಕ ಲೆಕ್ಕ ಮಾಡೋಣ. 5 ಮೀಟರ್ ಉದ್ದದ ಎರಡು ದಿಮ್ಮಿಗಳ ನಡುವೆ ಅರ್ಧ ಸೆಂಟಿಮೀಟರ್ ಅಗಲದ ಸಂದು ಇದೆಯೆನ್ನಿ. ಅದರ ವಿಸ್ತೀರ್ಣ 250 ಚದರ ಸೆಂಟಿಮೀಟರ್. ಇಂಥ ಹತ್ತು ಸಂದುಗಳಿದ್ದರೆ, ಅರ್ಧ ಮೀಟರ್ ಉದ್ದ ಅರ್ಧ ಮೀಟರ್ ಅಗಲದ ಕಿಟಕಿಯನ್ನು ಚಳಿಗಾಲವಿಡೀ ತೆರೆದಿಟ್ಟಂತಾಯಿತು! ಕಾದ ಗಾಳಿ ಹಗುರವಾಗಿ ಮೇಲೇರಿ ಮಾಡಿನ ಬಳಿಯ ಸಂದುಗಳಿಂದ ಹೊರಬೀಳುತ್ತದೆ. ಕೆಳಗಿನ ಸಂದುಗಳಿಂದ ಶೀತಗಾಳಿ ಒಳನುಗ್ಗುತ್ತದೆ. ಬೆಂಕಿ ಹೆಚ್ಚಿದಷ್ಟೂ ಈ ಸೆಳೆತವೂ ಹೆಚ್ಚು.

ಸಂದುಗಳನ್ನು ಮುಚ್ಚಲು ವಲಸೆಗಾರರು ಮೊದಲು ಮರದ ಸೀಳುಗಳನ್ನೋ ಕಲ್ಲಿನ ಚೂರುಗಳನ್ನೋ ತುರುಕಿ, ಅದರ ಮೇಲೆ ಹುಲ್ಲು ಬೆರೆಸಿದ ಜೇಡಿಮಣ್ಣನ್ನು ಮೆತ್ತುತ್ತಿದ್ದರು. ಉತ್ತರ ಯೂರೋಪಿನಲ್ಲಿ ದಿಮ್ಮಿಗಳ ನಡುವೆ ಒಣಗಿದ ಹಾವಸೆಯನ್ನು ಹಾಸುವುದುಂಟು. ಹಾವಸೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಚಲಿಸಲಾರದು. ನಿಶ್ಚಲವಾದ ಗಾಳಿಯಾದರೋ ಉತ್ತಮ ಉಷ್ಣನಿರೋಧಕ.

ಜೇಡಿಮಣ್ಣೊಂದನ್ನೇ ಮೆತ್ತಿದರೆ ಸಾಲದೆ? ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳವನ್ನು ನೋಡಿದವರಿಗೆ ಉತ್ತರ ತಿಳಿದೇ ಇದೆ. ಜೇಡಿಯ ಕಣಗಳು ಅತಿ ಸೂಕ್ಷ್ಮವಾದ ತೆಳುಹಾಳೆಗಳು. ಅವುಗಳ ನಡುವಣ ನೀರು ಆರಿದಂತೆ ಹಾಳೆಗಳು ಹತ್ತಿರ ಸರಿದು, ಮಣ್ಣು ಕುಗ್ಗಿ ಬಿರಿಯುತ್ತದೆ. ಮರಳಿನ ಕಣಗಳು ಕುಗ್ಗುವುದಿಲ್ಲವಾದುದರಿಂದ ಮರಳನ್ನು ಬೆರೆಸಿದರೆ ಸಂಕೋಚನ ಕಡಮೆಯಾಗುತ್ತದೆ. ಹುಲ್ಲಿನ ಎಳೆಗಳು ಬಿರುಕಿನ ಎರಡು ಅಂಚುಗಳನ್ನೂ ಹಿಡಿದು ನಿಲ್ಲಿಸುತ್ತವೆ; ಒಂದು ದೊಡ್ಡ ಬಿರುಕಿನ ಬದಲು ಹಲವು ಕೂದಲೆಳೆಯ ಬಿರುಕುಗಳಾಗುತ್ತವೆ. ಮಿಶ್ರಣದ ಹದವನ್ನು ತಿಳಿಯಲು ಪ್ರಯೋಗಶಾಲೆ ಬೇಡ. ಬೇರೆಬೇರೆ ಪ್ರಮಾಣದ ನಾಲ್ಕಾರು ಬಿಲ್ಲೆಗಳನ್ನು ಮಾಡಿ ನೆರಳಿನಲ್ಲಿ ಒಣಗಿಸಿದರೆ ಸಾಕು: ಬಿರಿದುದಕ್ಕೆ ಮರಳು ಸಾಲದು, ಬೆರಳಿಗೆ ಪುಡಿಯಾಗಿ ಉದುರುವುದಕ್ಕೆ ಜೇಡಿ ಸಾಲದು.

ಇಷ್ಟಾದರೂ ಮರ ಸುಮ್ಮನಿರದು. ಹಸಿಮರ ಒಣಗುವಾಗ ಉದ್ದದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದು, ಅಡ್ಡಲಾಗಿ ಕುಗ್ಗುತ್ತದೆ. ಶೇಕಡಾ 3ರಷ್ಟು ಕುಗ್ಗಿದರೂ 30 ಸೆಂಟಿಮೀಟರ್ ದಪ್ಪದ ದಿಮ್ಮಿ 9 ಮಿಲಿಮೀಟರ್ ತೆಳುವಾಗುತ್ತದೆ. ಆದ್ದರಿಂದ ಗಟ್ಟಿ ಸಿಮೆಂಟೇ ಮೇಲೆಂಬ ಭಾವನೆ ಸರಿಯಲ್ಲ. ಮರ ಸರಿದಾಗ ಸಿಮೆಂಟು ಬಾಗದೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಅಲ್ಲಿ ಇಳಿದ ಮಳೆನೀರು ಬೇಗ ಆರದೆ ಮರವನ್ನು ಕೊಳೆಯಿಸುತ್ತದೆ. ಜೇಡಿಮಣ್ಣು ತೇವವನ್ನು ಹೀರಿ ಮತ್ತೆ ಹೊರಬಿಡಬಲ್ಲುದು. ಮಳೆಗೆ ಅದು ಕರಗುವುದೇನೋ ನಿಜ. ಅದಕ್ಕಾಗಿಯೇ ಮಾಡಿನ ಇಳಿಜಾರನ್ನು ಗೋಡೆಯಿಂದಾಚೆಗೆ ಚಾಚಬೇಕು, ಚಳಿಗಾಲಕ್ಕೆ ಮುನ್ನ ಉದುರಿದೆಡೆ ಹೊಸ ಮಣ್ಣು ಮೆತ್ತಬೇಕು.

ಎಲ್ಲ ಸಂದುಗಳನ್ನೂ ಮುಚ್ಚಿದಾಗ ಮಾತ್ರ ಒಂದು ಅಪಾಯವುಂಟು. ಉರಿಯುವ ಬೆಂಕಿಗೆ ಗಾಳಿ ಬೇಕು. ಅದು ಸಾಲದಾದರೆ ಹೊಗೆ ಕೊಳವೆಯಲ್ಲಿ ಏರದೆ ಕೋಣೆಗೆ ಮರಳುತ್ತದೆ. ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ಅದರೊಡನೆ ಸೇರಿ, ಮಲಗಿದವರನ್ನು ಎಚ್ಚರಗೊಳಿಸದೆಯೇ ಕೊಲ್ಲಬಲ್ಲುದು. ಒಲೆಗೆಂದೇ ಹೊರಗಿನಿಂದ ಗಾಳಿ ಬರುವ ಒಂದು ಕಿಂಡಿಯನ್ನು ಅದರ ಬುಡದ ಹತ್ತಿರ ಬಿಡಬೇಕು. ಆ ಕಿಂಡಿಗೆ ಎಂದೂ ಮಣ್ಣು ಮೆತ್ತಬಾರದು.