ಪದಬಂಧದಲ್ಲೊಂದು ಹೆಬ್ಬಾವು

‘ಬಾಲ ಹೋದ ಹೆಬ್ಬಾವಿಗೆ ಗಾಳದ ತುದಿ ಸೇರಿದರೆ ಉತ್ತರ ಬೆಂಗಳೂರಿನ ಕೆರೆ (3).’

ಓದಿದ ಕೂಡಲೇ ಹಾವು, ಮೀನು, ನೀರು ಕಣ್ಣಮುಂದೆ ಬರುತ್ತವೆ. ಅದನ್ನೆಲ್ಲ ಬದಿಗಿಟ್ಟು ಅಕ್ಷರಗಳನ್ನಷ್ಟೇ ನೋಡಿ. ‘ಹೆಬ್ಬಾವು’ ಕೊನೆಯಕ್ಷರ ಕಳಕೊಂಡರೆ ‘ಹೆಬ್ಬಾ’. ‘ಗಾಳ’ದ ತುದಿ ‘ಳ’. ಉತ್ತರ ಹೆಬ್ಬಾಳ.

ಇದು ಗೂಢ ಪದಬಂಧದ ರೀತಿ. ಮಾಮೂಲಿ ಪದಬಂಧ ಸಮಾನಾರ್ಥಕ ಪದ ಕೇಳಿ ಸುಮ್ಮನಾಗುತ್ತದೆ. ಗೂಢ ಸುಳಿವು ಉತ್ತರವನ್ನು ಎರಡು ಸಲ ಹೇಳುತ್ತದೆ: ಒಮ್ಮೆ ಅರ್ಥವಾಗಿ, ಇನ್ನೊಮ್ಮೆ ಅಕ್ಷರಗಳ ಆಟವಾಗಿ. ಅರ್ಥದ ಭಾಗ ಸಾಮಾನ್ಯವಾಗಿ ವಾಕ್ಯದ ಆರಂಭದಲ್ಲೋ ಕೊನೆಯಲ್ಲೋ ಇರುತ್ತದೆ.

1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಮೊದಲ ಪದಬಂಧ ಸರಳವಾಗಿತ್ತು. ಅದಕ್ಕೆ ಗೂಢತೆ ತುಂಬಿದವರು ಇಂಗ್ಲೆಂಡಿನವರು. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ‘ಟಾರ್ಕ್ವೆಮಾಡಾ’ ಹೆಸರಿನಲ್ಲಿ ಬರೆದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಅವರಲ್ಲಿ ಪ್ರಮುಖರು. ಕನ್ನಡದಲ್ಲಿ ಅ.ನ. ಪ್ರಹ್ಲಾದರಾವ್ ಸಾವಿರಾರು ಪದಬಂಧಗಳನ್ನು ರಚಿಸಿ ಈ ಹವ್ಯಾಸವನ್ನು ಮನೆಮನೆಗೆ ಮುಟ್ಟಿಸಿದ್ದಾರೆ.

ಕನ್ನಡದ ಚೌಕಕ್ಕೆ ತನ್ನದೇ ಕಟ್ಟುಪಾಡುಂಟು. ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ ಮನೆ. ‘ಬ್ಬಾ’ವನ್ನು ಒಡೆದು ಎರಡು ಮನೆಗೆ ಹಂಚುವಂತಿಲ್ಲ. ಹಾಗಾಗಿ ಅಕ್ಷರಗಳನ್ನು ಕಲಸಿ ಹೊಸ ಪದ ಹುಟ್ಟಿಸುವುದು ಇಲ್ಲಿ ಕಷ್ಟ. ಕತ್ತರಿಸುವುದು, ಜೋಡಿಸುವುದು, ಅಡಗಿಸುವುದು ಸಲೀಸು. ‘ಸರೋವರದೊಳಗೆ ಅಡಗಿದ ಮದುಮಗ (2)’ ಎಂದರೆ ‘ವರ’, ಪದದೊಳಗೇ ಕುಳಿತಿದ್ದಾನೆ.

ಈಗ ಸ್ವಲ್ಪ ಬಿಗಿಯಾದದ್ದು: ‘ಯಮನ ತಲೆಯ ಹಿಂದೆ ಬಾಲವಿಲ್ಲದ ಕಲಹಂಸ ಚೆಲ್ಲಾಪಿಲ್ಲಿ: ಕೆಂಪೇಗೌಡರ ನಾಡು (4)’. ಯಮನ ತಲೆ ‘ಯ’. ಕಲಹಂಸದ ‘ಸ’ ಹೋದರೆ ಉಳಿಯುವುದು ಕ, ಲ, ಹಂ. ‘ಚೆಲ್ಲಾಪಿಲ್ಲಿ’ ಎಂದರೆ ಅವುಗಳ ಕ್ರಮ ಬದಲಿಸಿ ಎಂಬ ಅಪ್ಪಣೆ. ‘ಲಹಂಕ’ವಾಯಿತು, ಮುಂದೆ ‘ಯ’ ಇಟ್ಟರೆ ಯಲಹಂಕ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕದ ನಾಡಪ್ರಭುಗಳಾಗಿದ್ದವರು. ಅರ್ಥವೂ ಕೂಡಿಬಂತು.

ತಲೆ, ಬಾಲ, ಒಳಗೆ, ಚೆಲ್ಲಾಪಿಲ್ಲಿ, ತಿರುಗಿ – ಇಂಥ ಪದ ಕಂಡಲ್ಲಿ ಕಥೆ ಮರೆತು ಪೆನ್ಸಿಲ್ ಹಿಡಿಯಿರಿ. ಸುಳಿವು ದಾರಿ ತಪ್ಪಿಸಬಹುದು, ಆದರೆ ಸುಳ್ಳು ಹೇಳುವಂತಿಲ್ಲ. ಬೇಕಾದ ಪ್ರತಿ ಅಕ್ಷರವೂ ನೇರವಾಗಿಯೋ ಸಮಾನಾರ್ಥಕ ಪದದ ಮೂಲಕವೋ ಅಲ್ಲೇ ಸಿಗಬೇಕು. ಈ ಪ್ರಾಮಾಣಿಕತೆಯಿಂದಲೇ ಉತ್ತರ ಹೊಳೆದ ಗಳಿಗೆಯಲ್ಲಿ ಅಷ್ಟು ಖುಷಿ. ಕನ್ನಡದ ಪದಗಳನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆ ಆಟದಲ್ಲಿ ಸಿಗುವುದು ಅಪರೂಪ.

ಈ ಭಾನುವಾರಕ್ಕೆ ಇದೊಂದು: ‘ಬಲೆಗೆ ಗ್ರಾಮ ಸೇರಿದರೆ ಬೆಂಗಳೂರಿನ ವಾಯುಪಡೆ ನೆಲೆ (4)’. ಬಿಡಿಸಿ ನೋಡಿ. ಆಮೇಲೆ ನಿಮ್ಮ ಬಡಾವಣೆಯ ಹೆಸರಿಗೂ ಒಂದು ಸುಳಿವು ಹೆಣೆದು ಮನೆಯವರ ಮುಂದಿಡಿ.